ಹಕ್ಕುಗಳನ್ನು ಮತಕ್ಕೆ ಹಾಕುವುದು ಬೇಡ

ಜಾಸ್ತಿ ಜನ ಒಪ್ಪಿದ್ದಾರೆ ಎಂಬ ಒಂದೇ ಕಾರಣಕ್ಕೆ ಉಳಿದವರ ನಂಬಿಕೆ, ಮಾತುಗಳನ್ನು ಕಟ್ಟಿಹಾಕುವುದು ಪ್ರಜಾಪ್ರಭುತ್ವವಲ್ಲ. ಶಾಲೆಗಳಲ್ಲಿ ಧ್ವಜವಂದನೆಯ ಕಡ್ಡಾಯವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1940ರಲ್ಲಿ ಎತ್ತಿಹಿಡಿದಿತ್ತು. ಆ ಪ್ರಕರಣದಲ್ಲಿದ್ದ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮಕ್ಕಳು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತಮ್ಮ ನಂಬಿಕೆಯ ಕಾರಣಕ್ಕೆ ಧ್ವಜಕ್ಕೆ ವಂದಿಸಲಿಲ್ಲ, ಅಷ್ಟೇ. ಅದಕ್ಕೇ ಶಾಲೆಯಿಂದ ಹೊರಹಾಕಿದ್ದರು. 1943ರಲ್ಲಿ, ಅದೂ ಮಹಾಯುದ್ಧದ ನಡುವೆ, ಅದೇ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಮೂಲಭೂತ ಹಕ್ಕುಗಳನ್ನು ಮತಕ್ಕೆ ಹಾಕುವಂತಿಲ್ಲ ಎಂದಿತು. ಎಂಥ ದಿಟ್ಟತನ!

ತೆರಿಗೆ, ಬಜೆಟ್ ವಿಷಯದಲ್ಲಿ ಬಹುಮತ ಬೇಕೇ ಬೇಕು. ಆದರೆ ಇಂದಿನ ಅಲ್ಪಮತ ನಾಳೆ ಬಹುಮತವಾಗಬೇಕಾದರೆ ಮಾತನಾಡುವ ಅವಕಾಶ ಉಳಿದಿರಬೇಕು, ಅಲ್ವಾ? ಹಕ್ಕುಗಳನ್ನು ಮೊಟಕುಗೊಳಿಸುವ ಮಸೂದೆಗಳನ್ನು ಸುಮ್ನೆ ಕೈ ಎತ್ತಿಸಿ ಪಾಸು ಮಾಡಬಾರದು. ಅದರಿಂದ ತೊಂದರೆಗೊಳಗಾಗುವವರ ಅಹವಾಲನ್ನು ಸದನ ಸಮಿತಿ ಮೊದಲು ಕೇಳಲೇಬೇಕು ಎಂಬ ನಿಯಮ ತರಬೇಕು.