ತೊಗರಿ ಹೊಲದ ಮೇಲೆ ನಿಂತ ಹಕ್ಕಿ

ಕಲಬುರಗಿ

ಪ್ರಿಯ ಗೆಳೆಯಾ,

ನೀನು ಬೀದರಿನಿಂದ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಿ ಹಾಪ್ಕಿನ್ಸ್‌ನ ಕವಿತೆಗಳ ಪುಸ್ತಕ ಕಳಿಸಿ ಎರಡು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಕಳೆದ ವಾರ ಜೇವರ್ಗಿ ರಸ್ತೆಯಲ್ಲಿ ಬರುವಾಗ, ತೊಗರಿ ಕೊಯ್ದ ಹೊಲದ ಮೇಲೆ ಕೆಸ್ಟ್ರೆಲ್ ಎಂಬ ಸಣ್ಣ ಡೇಗೆಯೊಂದು ಗಾಳಿಗೆ ಎದುರಾಗಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ಪಟಪಟ ಬಡಿಯುತ್ತಿದ್ದರೂ ಇದ್ದಲ್ಲಿಂದ ಕದಲದೆ ನಿಂತದ್ದನ್ನು ಕಂಡೆ. ಚಳಿಗಾಲಕ್ಕೆ ನಮ್ಮ ಕಡೆ ಬರುವ ಈ ಹಕ್ಕಿಯ ಮೇಲೆಯೇ ಹಾಪ್ಕಿನ್ಸ್ 1877ರಲ್ಲಿ, ವೇಲ್ಸ್‌ನಲ್ಲಿ ಪಾದ್ರಿದೀಕ್ಷೆಗೆ ಓದುತ್ತಿದ್ದಾಗ, ಕವಿತೆ ಬರೆದದ್ದು. ಅದು ಕ್ರಿಸ್ತನಿಗೆ ಅರ್ಪಿತವಾದ ಕವಿತೆ. ಆದರೆ ಸಾಲುಗಳೊಳಗೆ ಆ ಹೆಸರು ಎಲ್ಲೂ ಬರುವುದಿಲ್ಲ. ಹಕ್ಕಿ ಹಕ್ಕಿಯಾಗಿಯೇ ಹಾರುತ್ತದೆ, ಅವನಿಗೆ ಅಷ್ಟೇ ಸಾಕು. ಕೊನೆಯಲ್ಲಿ, ಬರೀ ದುಡಿತದಿಂದಲೇ ನೇಗಿಲ ಸಾಲಿನಲ್ಲಿ ಹೊಳಪೇಳುವ ಉಳುಮೆಯ ಚಿತ್ರವೊಂದಿದೆ. ಹಸಿ ಎರೆಭೂಮಿಯಲ್ಲಿ ನೇಗಿಲು ಮಗುಚಿದ ಹೆಂಟೆಯ ನುಣ್ಣನೆಯ ಮೈ ಬಿಸಿಲಿಗೆ ಮಿಂಚುವುದನ್ನು ಕಂಡ ನಮಗೆ ಅದಕ್ಕೆ ಟಿಪ್ಪಣಿ ಬೇಕಿಲ್ಲ.

ಸೃಷ್ಟಿಯೆಲ್ಲ ದೇವರ ಸ್ತುತಿಯೆಂಬುದೇ ಈ ಕಾವ್ಯದ ಸಾರ ಎಂದು ನೀನು ಬರೆದಿದ್ದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಕ್ಸ್‌ಫರ್ಡ್ ಬಳಿಯ ಬಿನ್ಸಿಯಲ್ಲಿ ಪಾಪ್ಲರ್ ಮರಗಳನ್ನು ಕಡಿದಾಗ, 1879ರಲ್ಲಿ, ಅವನು ಬರೆದದ್ದು ಸ್ತುತಿಯಲ್ಲ, ಶೋಕ: ಸುಧಾರಿಸುತ್ತೇವೆಂದು ಕೈ ಹಾಕಿದಲ್ಲಿಯೂ ನಾವು ನೆಲವನ್ನು ಹಾಳುಮಾಡುತ್ತೇವೆ ಎಂಬ ಅಳಲು. ನಮ್ಮ ಚರ್ಚಿನ ಅಂಗಳಕ್ಕೆ ಶಹಾಬಾದ ಫರಸಿ ಹಾಸಬೇಕೆಂದು ಹಳೆಯ ಬೇವಿನ ಗಿಡವನ್ನು ಕಡಿಸಿದ ದಿನ ನಾನೂ ಆ ಸಭೆಯಲ್ಲಿ ಕುಳಿತಿದ್ದೆ, ಬೇಡವೆನ್ನಲಿಲ್ಲ. ಈಗ ಆರಾಧನೆ ಮುಗಿದ ಮೇಲೆ ಯಾರೂ ಹೊರಗೆ ನಿಲ್ಲುವುದಿಲ್ಲ, ಕಲ್ಲು ಕಾದಿರುತ್ತದೆ.

ಆದರೂ ಹಾಪ್ಕಿನ್ಸ್‌ನ ಹಸಿರು ಮಳೆನಾಡಿನ ಹಸಿರು. ನಮ್ಮ ಸೀಮೆಗೆ ಹತ್ತಿರದವನು ಕವಿ ಆರ್. ಎಸ್. ಥಾಮಸ್ ಎಂದು ನನಗೆ ಅನ್ನಿಸುತ್ತದೆ. 1967ರಿಂದ 1978ರವರೆಗೆ ವೇಲ್ಸ್‌ನ ಕಡಲಂಚಿನ ಅಬರ್‌ಡಾರೋನ್‌ನಲ್ಲಿ ಪಾದ್ರಿಯಾಗಿದ್ದ ಈ ಸಿಡುಕು ಸ್ವಭಾವದ ಮನುಷ್ಯ ಹಕ್ಕಿ ನೋಡುವುದರಲ್ಲಿ ಗಂಟೆಗಟ್ಟಲೆ ಕಳೆಯುತ್ತಿದ್ದ. ಅಪರೂಪದ ಹಕ್ಕಿಗಾಗಿ ಕಡಲು ಕಾಯುವ ಅವನ ಕವಿತೆಯೊಂದರಲ್ಲಿ, ಪ್ರಾರ್ಥನೆಗೆ ಬೇರೆಯವರು ಮೊಣಕಾಲು ಸವೆಸಿದಂತೆ ಇವನು ಕಣ್ಣು ಸವೆಸುತ್ತಾನೆ. ಹಕ್ಕಿ ಬಾರದ ದಿನಗಳಲ್ಲಿ ಆ ಖಾಲಿತನವೇ ಎಷ್ಟು ಚೆಲುವಾಗಿ ಕಾಣುತ್ತದೆಂದರೆ, ಕಾಯುವುದು ಯಾವುದು, ಪ್ರಾರ್ಥನೆ ಯಾವುದು ಎಂಬುದು ಅವನಿಗೇ ತಿಳಿಯದಾಗುತ್ತದೆ. ಮೇ ತಿಂಗಳಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಟ್ಟ ಹೊಲದ ಬದುವಿನಲ್ಲಿ ಕುಳಿತು ಮುಗಿಲು ನೋಡುವ ನಮ್ಮವರಿಗೆ ಇದನ್ನು ಓದಿ ಹೇಳಿದರೆ, ಇದು ಕವಿತೆಯೆಂದು ಅವರು ಒಪ್ಪಲಿಕ್ಕಿಲ್ಲ.

ನಿನ್ನೆ ಮತ್ತೆ ಅದೇ ರಸ್ತೆಗೆ ಹೋಗಿದ್ದೆ. ಹಕ್ಕಿ ಇರಲಿಲ್ಲ. ಗಾಡಿ ನಿಲ್ಲಿಸಿ ಅರ್ಧ ಗಂಟೆ ನಿಂತೆ.

ನಿನ್ನವನೇ,
ಗೆಳೆಯ