ಮಗಳಿಗೊಂದು ಪತ್ರ: ಹಾಜರಿ ಕೂಗಿದರೆ ಸಾಲದು

ಶಿಡ್ಲಘಟ್ಟ

ಪ್ರೀತಿಯ ಪುಟ್ಟಿ,

‘ಹೋಮ್‌ಬೌಂಡ್’ ಹಿಂದಿ ಸಿನಿಮಾ ಬಗ್ಗೆ ನೀನು ಕಾಲೇಜಿಗೆ ಬರೆದ ಟಿಪ್ಪಣಿ ಓದಿದೆ. ನಾನೂ ಅಪ್ಪನೂ ಕೂತು ಸಿನಿಮಾ ನೋಡಿದ್ದೂ ಆಯಿತು. ದಲಿತ ಹುಡುಗ ಇದ್ದಾನೆ, ಮುಸ್ಲಿಂ ಹುಡುಗ ಇದ್ದಾನೆ, ಓದಿನ ಹಟ ಹಿಡಿದ ಹುಡುಗಿ ಇದ್ದಾಳೆ ಅಂತ ಟಿಕ್ ಹಾಕುತ್ತಾ ಹೋಗಿ ಪ್ರಾತಿನಿಧ್ಯಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೀಯ. ಟೀಚರಮ್ಮನ ಮಾತು ಅಂದುಕೋ, ಇದು ಹಾಜರಿ ಕೂಗಿದ ಹಾಗಾಯಿತು. ಬಂದ ಮಗು ಬಾಯಿ ಬಿಟ್ಟಿತೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ.

ಆ ದಲಿತ ಹುಡುಗ ಚಂದನ್ ಪೊಲೀಸ್ ಕೆಲಸದ ಅರ್ಜಿಯಲ್ಲಿ ಮೀಸಲಾತಿ ಬಿಟ್ಟು ಸಾಮಾನ್ಯ ವರ್ಗ ಅಂತ ತುಂಬುತ್ತಾನಲ್ಲ, ಅದು ನಿನ್ನ ಟಿಪ್ಪಣಿಯಲ್ಲಿ ಎಲ್ಲೂ ಇಲ್ಲ. ಅವನ ಮುಸ್ಲಿಂ ಗೆಳೆಯ ಶೋಯೆಬ್‌ನನ್ನು ಆಫೀಸಿನವರು ಕ್ರಿಕೆಟ್ ಮ್ಯಾಚ್ ನೆಪ ಮಾಡಿಕೊಂಡು ನಗುನಗುತ್ತಲೇ ಚುಚ್ಚುತ್ತಾರೆ. ಒಬ್ಬ ಜಾತಿ ಮುಚ್ಚಿಟ್ಟು ಉಸಿರಾಡಬಹುದು, ಇನ್ನೊಬ್ಬ ಹೆಸರು ಹೇಳಿದ ತಕ್ಷಣ ಸಿಕ್ಕಿಬೀಳುತ್ತಾನೆ. ಇಬ್ಬರ ಅವಮಾನವನ್ನೂ ಒಂದೇ ತಕ್ಕಡಿಗೆ ಹಾಕದೆ ಅವರ ಸ್ನೇಹವನ್ನು ಬರೆದಿದ್ದಾರೆ. ನಾನಾದರೆ ಅಂಕ ಕೊಡುತ್ತಿದ್ದುದು ಅದಕ್ಕೆ.

ಚಂದನ್‌ನ ತಾಯಿ ಶಾಲೆಯಲ್ಲಿ ಅಡುಗೆ ಮಾಡಿದಾಗ ಊರವರು ಗಲಾಟೆ ಎಬ್ಬಿಸುವುದನ್ನು ನೀನು ‘ಸ್ವಲ್ಪ ಅತಿಯಾಯಿತು’ ಅಂದಿದ್ದೀಯ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ, ಪುಟ್ಟಿ. ಹೇಳಬೇಕಾಗಿ ಬಂತು ಅಂದರೆ ಯೋಚಿಸು. ನಾನು ಮೊದಲು ಕೆಲಸ ಮಾಡಿದ ಹಳ್ಳಿಯಲ್ಲಿ ಗಲಾಟೆ ಇರಲಿಲ್ಲ, ನಿಜ. ಊಟದ ಗಂಟೆ ಹೊಡೆದರೆ ಮೂರ್ನಾಲ್ಕು ಮಕ್ಕಳು, ದಿನವೂ ಅವೇ ಮಕ್ಕಳು, ‘ಮಿಸ್, ಹೊಟ್ಟೆನೋವು, ಮನೇಗೋಗಿ ಬತ್ತೀನಿ’ ಅನ್ನುತ್ತಿದ್ದವು. ಅರ್ಧ ಗಂಟೆಗೆಲ್ಲ ಬಾಯಿ ಒರೆಸಿಕೊಂಡು ವಾಪಸ್ಸು. ಅಡುಗೆಯಾಕೆ ಉಳಿದ ಸಾರನ್ನು ಸೌಟಿನಿಂದ ತಿರುವುತ್ತಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಸದ್ದಿಲ್ಲದ ಬಹಿಷ್ಕಾರವನ್ನು ಸಿನಿಮಾದಲ್ಲಿ ತೋರಿಸುವುದು ಕಷ್ಟವೇನೋ. ನನ್ನ ದೂರೇನಾದರೂ ಇದ್ದರೆ ಅದು, ಅತಿಯಾಯಿತು ಅನ್ನುವುದಲ್ಲ.

ಕ್ಯಾಮೆರಾ ಹಿಂದೆ ಯಾರಿದ್ದಾರೆ ಅನ್ನುವುದಕ್ಕೆ ನೀನು ಒಂದು ಸಾಲೂ ಕೊಟ್ಟಿಲ್ಲ. ನಿರ್ದೇಶಕ ನೀರಜ್ ಘಾಯ್ವಾನ್ ತಾನು ದಲಿತ ಅಂತ ಬಹಿರಂಗವಾಗಿ ಹೇಳಿಕೊಂಡವರು. ಕಥೆಯ ಮೂಲ 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ಇಬ್ಬರು ಗೆಳೆಯರ ಬಗ್ಗೆ ಕಾಶ್ಮೀರದ ಪತ್ರಕರ್ತ ಬಷಾರತ್ ಪೀರ್ ಬರೆದ ಲೇಖನ. ತಾಯಿಯ ಒಡೆದ ಹಿಮ್ಮಡಿಯ ಮೇಲೆ ಕ್ಯಾಮೆರಾ ನಿಲ್ಲುತ್ತದಲ್ಲ, ಅಂಥದ್ದು ಹತ್ತಿರದಿಂದ ಕಂಡವರಿಗೇ ಹೊಳೆಯುವುದು. ನಮ್ಮೂರ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಲ್ಲಿ ಗೂಡು ಕೈಯಾಡಿಸುವ ಹೆಂಗಸರ ಬೆರಳು ನೀನೂ ನೋಡಿದ್ದೀಯ. ಇಷ್ಟಕ್ಕೂ ನಮಗೆ ಸಿಕ್ಕಿದ್ದು ಸೆನ್ಸಾರ್‌ನವರು 77 ಸೆಕೆಂಡು ಕತ್ತರಿಸಿದ ಮೇಲಿನದು. ಅದನ್ನೂ ಬರಿ.

ಇನ್ನು ಹೆಂಗಸರು. ಹೆಸರಿರುವ ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ ಅನ್ನುವ ಬೆಕ್‌ಡೆಲ್ ಪರೀಕ್ಷೆ ಹಾಕಿದ್ದೀಯ. ಅಲಿಸನ್ ಬೆಕ್‌ಡೆಲ್ 1985ರಲ್ಲಿ ಕಾಮಿಕ್ಸ್‌ನಲ್ಲಿ ನಗೆಗೆ ಬರೆದದ್ದು ಅದು. ಜರಡಿ ಹಿಡಿಯಲು ಸಾಕು, ರುಚಿ ನೋಡಲು ಸಾಲದು. ಓದಿನ ಹಟದ ಆ ಹುಡುಗಿ ಸುಧಾ ಪಾತ್ರಕ್ಕೆ ಜಾಹ್ನವಿ ಕಪೂರ್ ಇರುವುದರಿಂದ ಅವಳಿಗೆ ಒಂದು ಪುಟ ಬರೆದೆ. ಚಂದನ್‌ನ ಅಕ್ಕ ವೈಶಾಲಿ ಬಗ್ಗೆ ಒಂದು ಅಕ್ಷರವಿಲ್ಲ. ಓದುವ ಅವಕಾಶ ಮನೆಯಲ್ಲಿ ನಿನಗೊಬ್ಬನಿಗೇ ಸಿಕ್ಕಿತು ಅಂತ ತಮ್ಮನಿಗೆ ಹೇಳುವವಳು ಅವಳೇ ತಾನೆ? ಇಬ್ಬರು ಗಂಡುಮಕ್ಕಳ ಸ್ನೇಹದ ಕಥೆಯಲ್ಲಿ ಅವಳಿಗೆ ಒಬ್ಬಳಾದರೂ ಗೆಳತಿ ಕಂಡಳೇ? ನನಗೆ ಕಾಣಲಿಲ್ಲ. ಹಾಗಾಗಿ ಒಂಬತ್ತು ನಾನು ಕೊಡಲ್ಲ, ಏಳು ಕೊಟ್ಟೇನು. ಅಪ್ಪ ಎಂಟಕ್ಕೆ ಹಟ ಹಿಡಿದಿದ್ದಾರೆ.

ಸೋಮವಾರದೊಳಗೆ ಟಿಪ್ಪಣಿ ಕೊಡಬೇಕು ಅಂತ ನೀನೇ ಅಂದಿದ್ದೆ. ವೈಶಾಲಿಗೆ ಒಂದು ಪ್ಯಾರಾ ಸೇರಿಸಿ ನನಗೂ ಕಳಿಸು.

ನಿನ್ನ
ಅಮ್ಮ