ಸಂಘದ ಪಾಸ್‌ವರ್ಡ್ ಫೈಲನ್ನು ಒಮ್ಮೆ ತೆರೆದು ನೋಡಿ

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಸಂಘಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಅದೇ ಸಂಘಗಳ ವೆಬ್‌ಸೈಟುಗಳ ಬಗ್ಗೆ ನಾನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ಡೊಂಬಿವಲಿಯವಳು. ಐರೋಲಿಯ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಹೋದ ವರ್ಷದಿಂದ ನಮ್ಮ ಸಂಘದ ಸೈಟೂ ನನ್ನ ಕೈಗೆ ಬಂದಿದೆ, ಭಾನುವಾರಗಳಲ್ಲಿ ಕೂತು ಮಾಡುತ್ತೇನೆ. ಕಳೆದ ತಿಂಗಳು ಸಂಘದ ಹಿಂದಿನ ಖಜಾಂಚಿಯವರು ಫೋನ್ ಮಾಡಿದರು. ಅವರು ನಾಲ್ಕು ವರ್ಷದ ಹಿಂದೆಯೇ ಕಮಿಟಿ ಬಿಟ್ಟು ಊರಿಗೆ ಹೋದವರು, ಈಗ ಕುಂದಾಪುರದ ಹತ್ತಿರ ತೋಟ ನೋಡಿಕೊಂಡಿದ್ದಾರೆ. "ಅಲ್ಲ ಮಗಳೇ, ಈ ಸಲ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ ಮಕ್ಕಳ ಪಟ್ಟಿ ನೋಡಿದೆ, ನಮ್ಮೂರಿನವರು ಇಬ್ಬರಿದ್ದಾರೆ, ಖುಷಿಯಾಯ್ತು" ಎಂದರು. ನನಗೆ ಎದೆ ಧಸಕ್ಕೆಂದಿತು. ಅದು ಈಗಿನ ಕಮಿಟಿಯವರು ಮಾತ್ರ ಪಾಸ್‌ವರ್ಡ್ ಹಾಕಿ ನೋಡಬೇಕಾದ ಪುಟ. ಯಾವ ಪಾಸ್‌ವರ್ಡ್ ಹಾಕಿದಿರಿ ಎಂದು ಕೇಳಿದೆ. "ನಾನಿದ್ದಾಗ ಇದ್ದದ್ದೇ" ಎಂದರು.

ಆ ಪುಟದಲ್ಲಿ ಬರೀ ಹೆಸರುಗಳಿಲ್ಲ. ಮಕ್ಕಳ ಅಂಕಪಟ್ಟಿ, ತಂದೆಗೆ ಹೋಟೆಲಿನವರು ಕೊಟ್ಟ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕಾರ್ಡಿನ ಪ್ರತಿ, ಎಲ್ಲವೂ ಇವೆ. ನನ್ನ ಅಪ್ಪ ಮುಂಬೈ ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದವರು. ಕೈಯಲ್ಲಿ ಅರ್ಜಿ ಹಿಡಿದು ಸಂಘದ ಬಾಗಿಲಿಗೆ ಬಂದು ನಿಲ್ಲುವ ಮಗುವಿಗೆ ಎಷ್ಟು ಸಂಕೋಚ ಇರುತ್ತದೆ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಮನೆಯ ಕಷ್ಟವನ್ನು ಕಾಗದದಲ್ಲಿ ಬರೆದು ನಮ್ಮ ಕೈಗೆ ಕೊಟ್ಟ ಆ ಮಕ್ಕಳ ವಿಷಯ ನಾವೇ ಹೀಗೆ ಬಿಟ್ಟುಹಾಕಿದೆವಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಚಿತ್ರ ಏನೆಂದರೆ, ನಮ್ಮ ಕಮಿಟಿ ಪ್ರತಿ ಜನವರಿಯಲ್ಲಿ ಪಾಸ್‌ವರ್ಡ್ ಬದಲಿಸುತ್ತಿತ್ತು. ಸಂಘದ ಹೆಸರು ಇಂಗ್ಲಿಷಿನಲ್ಲಿ, ಅದರ ಕೊನೆಗೆ ಆ ವರ್ಷದ ಇಸವಿ. ವರ್ಷ ಬದಲಾದರೆ ಇಸವಿಯೂ ಬದಲು. ಹಾಗಿದ್ದರೂ ನಾಲ್ಕು ವರ್ಷ ಹಳೆಯದು ಹೇಗೆ ನಡೆಯಿತು?

ಉತ್ತರ ಸಿಕ್ಕಿದ್ದು ಪಾಸ್‌ವರ್ಡ್ ಫೈಲಿನಲ್ಲಿ. ನಮ್ಮ ಸೈಟ್ ಇರುವುದು ಅಪಾಚೆ ಸರ್ವರ್ ಮೇಲೆ. ಸೈಟಿನ ಪುಟಗಳನ್ನು ಕೇಳಿದವರ ಬ್ರೌಸರಿಗೆ ಕಳಿಸಿಕೊಡುವ, 1995ರಿಂದ ಇರುವ ಸಾಫ್ಟ್‌ವೇರ್ ಅದು. ಅದರ ಜೊತೆ ಎಚ್‌ಟಿಪಾಸ್‌ವರ್ಡ್ (htpasswd) ಎಂಬ ಚಿಕ್ಕ ಕಮಾಂಡ್ ಬರುತ್ತದೆ. ಕೆಲವು ಪುಟ ತೆರೆಯಲು ಹೋದರೆ ಬ್ರೌಸರ್ ಒಂದು ಚೌಕ ತೋರಿಸಿ ಹೆಸರು, ಪಾಸ್‌ವರ್ಡ್ ಕೇಳುತ್ತದಲ್ಲ, ಅದರ ಹಿಂದೆ ಸಾಮಾನ್ಯವಾಗಿ ಈ ಕಮಾಂಡ್ ಬರೆದ ಫೈಲ್ ಇರುತ್ತದೆ. ತುಂಬಾ ಸರಳ ಫೈಲ್. ಒಬ್ಬರಿಗೆ ಒಂದು ಸಾಲು, ಮೊದಲು ಹೆಸರು, ಮಧ್ಯೆ ಎರಡು ಚುಕ್ಕಿ, ಆಮೇಲೆ ಹ್ಯಾಶ್. ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಅರೆದು ಮಾಡಿದ ಹಿಟ್ಟು ಎಂದುಕೊಳ್ಳಿ. ಅಕ್ಕಿ ಅರೆದು ಹಿಟ್ಟು ಮಾಡಬಹುದು, ಹಿಟ್ಟಿನಿಂದ ಮತ್ತೆ ಅಕ್ಕಿ ಮಾಡಲು ಆಗುವುದಿಲ್ಲ. ನೀವು ಪಾಸ್‌ವರ್ಡ್ ಹಾಕಿದಾಗ ಸರ್ವರ್ ಅದನ್ನೂ ಅರೆದು ಎರಡೂ ಹಿಟ್ಟು ಒಂದೇ ಇದೆಯೇ ನೋಡುತ್ತದೆ.

ಆದರೆ ಅರೆಯುವ ಕಲ್ಲಿನಲ್ಲಿ ಹಲವು ಬಗೆ. 2010ರಲ್ಲಿ ನಮ್ಮ ಸೈಟ್ ಮಾಡಿಕೊಟ್ಟವರು ಪಾಸ್‌ವರ್ಡ್ ಬದಲಿಸಲು ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಅದು ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ ಕ್ರಿಪ್ಟ್ ವಿಧಾನವನ್ನು ಬಳಸುತ್ತಿತ್ತು. ಆ ವಿಧಾನ ಪಾಸ್‌ವರ್ಡಿನ ಮೊದಲ 8 ಅಕ್ಷರಗಳನ್ನು ಮಾತ್ರ ನೋಡುತ್ತದೆ. ಒಂಬತ್ತನೆಯದರಿಂದ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ನಮ್ಮ ಸಂಘದ ಹೆಸರೇ 8 ಅಕ್ಷರಕ್ಕಿಂತ ಜಾಸ್ತಿ! ಅಂದರೆ ಇಷ್ಟು ವರ್ಷ ಕಮಿಟಿ ಶ್ರದ್ಧೆಯಿಂದ ಬದಲಿಸಿದ ಇಸವಿಯನ್ನು ಸರ್ವರ್ ಒಮ್ಮೆಯೂ ನೋಡಿಲ್ಲ. ಇಸವಿ ಹಾಕದಿದ್ದರೂ ಬಾಗಿಲು ತೆರೆಯುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಪ್ರತಿ ಸಲ ಫೈಲಿನಲ್ಲಿ ಹ್ಯಾಶ್ ಬೇರೆಯೇ ಕಾಣುತ್ತಿತ್ತು. ಅರೆಯುವಾಗ ಸಾಲ್ಟ್ ಎಂದು ಒಂದಿಷ್ಟು ಗೊತ್ತುಗುರಿಯಿಲ್ಲದ ಅಕ್ಷರ ಸೇರಿಸುತ್ತಾರೆ, ಅದಕ್ಕೇ ಒಂದೇ ಪಾಸ್‌ವರ್ಡ್ ಆದರೂ ಪ್ರತಿ ಸಲ ಬೇರೆ ಹ್ಯಾಶ್ ಬರುತ್ತದೆ.

ಆ ಸಾಲ್ಟ್ ಒಳ್ಳೆಯದೇ, ಅದರದ್ದು ತಪ್ಪಿಲ್ಲ. 1979ರಲ್ಲೇ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಪಾಸ್‌ವರ್ಡಿನ ಬಗ್ಗೆ ಬರೆಯುತ್ತಾ ಇದನ್ನು ವಿವರಿಸಿದ್ದರು. ಅದಿಲ್ಲದಿದ್ದರೆ ಏನಾಗುತ್ತದೆ ಎಂದು 2012ರಲ್ಲಿ ಲಿಂಕ್ಡ್‌ಇನ್ ವಿಷಯದಲ್ಲಿ ಎಲ್ಲರೂ ನೋಡಿದರು. ಸಾಲ್ಟ್ ಇಲ್ಲದ ಸುಮಾರು 65 ಲಕ್ಷ ಹ್ಯಾಶ್ ಹೊರಗೆ ಬಿತ್ತು, ಊಹಿಸಿದ ಪಾಸ್‌ವರ್ಡುಗಳನ್ನು ಒಂದೊಂದಾಗಿ ಅರೆದು ಹೋಲಿಸಿ ಬಹಳಷ್ಟನ್ನು ಬೇಗ ಒಡೆದರು. ಎಚ್‌ಟಿಪಾಸ್‌ವರ್ಡಿನಲ್ಲೂ ಹಾಗೆ ಸಾಲ್ಟ್ ಇಲ್ಲದ ಒಂದು ಬಗೆ ಇದೆ. ನಿಮ್ಮ ಫೈಲಿನಲ್ಲಿ ಹ್ಯಾಶ್ ಶುರುವಾಗುವಾಗ ಹೂವಿನ ಆವರಣದೊಳಗೆ ಎಸ್‌ಎಚ್‌ಎ ಎಂದು ಇಂಗ್ಲಿಷಿನಲ್ಲಿ ಕಂಡರೆ ಅದೇ. ಅದನ್ನು ಇವತ್ತೇ ತೆಗೆಯಿರಿ.

ಹಾಗಾದರೆ ಯಾವುದು ಬಳಸಬೇಕು? ಬಿಕ್ರಿಪ್ಟ್ ಎಂಬ ವಿಧಾನ. 1999ರಲ್ಲಿ ಬಂದದ್ದು. ಅಪಾಚೆ 2.4ರ ಎಚ್‌ಟಿಪಾಸ್‌ವರ್ಡಿಗೆ ಏನೂ ಹೇಳದೆ ಬಿಟ್ಟರೆ ಎಂಡಿ5 ಆಧಾರದ ಹಳೆಯ ವಿಧಾನ ತೆಗೆದುಕೊಳ್ಳುತ್ತದೆ, ಅದು 1000 ಸುತ್ತು ಅರೆಯುತ್ತದೆ, ಇವತ್ತಿನ ಕಂಪ್ಯೂಟರಿಗೆ ಅದು ಏನೇನೂ ಅಲ್ಲ. ಇಂಗ್ಲಿಷಿನ ದೊಡ್ಡ ಬಿ ಅಕ್ಷರದ ಆಯ್ಕೆ (-B) ಕೊಟ್ಟರೆ ಬಿಕ್ರಿಪ್ಟ್ ಆಗುತ್ತದೆ. ಆಗ ಹ್ಯಾಶಿನ ಮೊದಲಿಗೆ ಎರಡು ಡಾಲರ್ ಗುರುತಿನ ನಡುವೆ 2ವೈ ಎಂದು ಕಾಣುತ್ತದೆ. ಎಷ್ಟು ಗಟ್ಟಿಯಾಗಿ ಅರೆಯಬೇಕು ಎಂದು ದೊಡ್ಡ ಸಿ ಆಯ್ಕೆಯಲ್ಲಿ 4ರಿಂದ 17ರವರೆಗೆ ಹೇಳಬಹುದು, ಒಂದೊಂದು ಅಂಕಿ ಏರಿದರೂ ಕೆಲಸ ಎರಡು ಪಟ್ಟು. ಹೇಳದಿದ್ದರೆ 5. ನಾನು 10 ಇಟ್ಟಿದ್ದೇನೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು 15, 16ಕ್ಕೆ ಹೋಗಬೇಡಿ. ಈ ಬಗೆಯ ಲಾಗಿನ್‌ನಲ್ಲಿ ಬ್ರೌಸರ್ ಒಂದೇ ಸಲ ಪಾಸ್‌ವರ್ಡ್ ಕಳಿಸಿ ಸುಮ್ಮನಾಗುವುದಿಲ್ಲ, ಪುಟಕ್ಕೆ ಒಮ್ಮೆ, ಒಳಗಿನ ಒಂದೊಂದು ಫೋಟೋಕ್ಕೆ ಮತ್ತೊಮ್ಮೆ ಕಳಿಸುತ್ತಲೇ ಇರುತ್ತದೆ, ಸರ್ವರ್ ಪ್ರತಿ ಸಲವೂ ಅರೆಯಬೇಕು, ಹಾಗಾಗಿ ಪುಟ ತೆರೆಯಲು ಕಾಯುತ್ತಾ ಕೂರಬೇಕಾಗುತ್ತದೆ.

ಅಷ್ಟೇ ಅಲ್ಲ, ಹಾಗೆ ಹೋಗುವ ಪಾಸ್‌ವರ್ಡ್ ಬೇಸ್64 ಎಂಬ ರೂಪದಲ್ಲಿ ಹೋಗುತ್ತದೆ. ನೋಡಲು ಗುಟ್ಟಿನ ಹಾಗೆ ಕಂಡರೂ ಅದು ಗುಟ್ಟಲ್ಲ, ದಾರಿಯಲ್ಲಿ ಹಿಡಿದವರು ಕ್ಷಣದಲ್ಲಿ ಓದುತ್ತಾರೆ. ಎಚ್‌ಟಿಟಿಪಿಎಸ್ (ದಾರಿಯಲ್ಲಿ ಯಾರೂ ಓದದಂತೆ ಗುಟ್ಟಾಗಿ ಕಳಿಸುವ ವ್ಯವಸ್ಥೆ) ಇಲ್ಲದ ಸೈಟಿನಲ್ಲಿ ಇದನ್ನು ಬಳಸಲೇಬಾರದು. ದುಡ್ಡಿಲ್ಲ ಎನ್ನುವ ಮಾತೂ ಈಗ ನಡೆಯುವುದಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಅದಕ್ಕೆ ಬೇಕಾದ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತಿದೆ.

ನಮ್ಮ ಫೈಲಿನಲ್ಲಿ ಇನ್ನೂ ಒಂದು ವಿಷಯ ಇತ್ತು. ಅದರಲ್ಲಿ ಇದ್ದದ್ದು ಒಂದೇ ಸಾಲು. ಕಮಿಟಿಯ ಹನ್ನೊಂದು ಜನಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಅದೂ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು. ಹಿಂದೆ ಚಾಳಿನಲ್ಲಿದ್ದಾಗ ನಾವು ಊರಿಗೆ ಹೋಗುವಾಗ ಬೀಗದ ಕೈಯನ್ನು ಪಕ್ಕದ ಖೋಲಿಯವರಿಗೆ ಕೊಟ್ಟು ಹೋಗುತ್ತಿದ್ದೆವು, ಬಂದ ಮೇಲೆ ಅವರು ವಾಪಸ್ ಕೊಡುತ್ತಿದ್ದರು. ಪಾಸ್‌ವರ್ಡ್ ಹಾಗೆ ವಾಪಸ್ ಬರುವ ವಸ್ತು ಅಲ್ಲ ಅಲ್ವಾ? ಕಮಿಟಿ ಬಿಟ್ಟವರ ತಲೆಯಲ್ಲಿ, ಹಳೆಯ ಫೋನಿನಲ್ಲಿ, ಬ್ರೌಸರಿನಲ್ಲಿ ಅದು ಉಳಿದೇ ಇರುತ್ತದೆ. ಖಜಾಂಚಿಯವರು ಒಳ್ಳೆಯವರು, ಪ್ರೀತಿಯಿಂದಲೇ ನೋಡಿದ್ದು. ಅವರಲ್ಲದೆ ಇನ್ನು ಯಾರು ಯಾರು ನೋಡಿದ್ದಾರೆ ಎಂದು ತಿಳಿಯಲು, ಯಾರು ಯಾವಾಗ ಪುಟ ತೆರೆದರು ಎಂದು ಸರ್ವರ್ ಬರೆದಿಡುವ ಲಾಗ್ ತೆರೆದರೆ, ಎಲ್ಲ ಸಾಲಿನಲ್ಲೂ ಅದೇ ಒಂದು ಹೆಸರು. ಯಾರೆಂದು ಹೇಗೆ ಹೇಳುವುದು?

ಒಬ್ಬರಿಗೆ ಒಂದು ಸಾಲು ಇದ್ದಿದ್ದರೆ, ಅವರು ಕಮಿಟಿ ಬಿಟ್ಟ ದಿನವೇ ದೊಡ್ಡ ಡಿ ಆಯ್ಕೆ ಕೊಟ್ಟು ಆ ಸಾಲು ಅಳಿಸಿದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ. ಉಳಿದವರಿಗೆ ಏನೂ ತೊಂದರೆ ಇಲ್ಲ. ವರ್ಷಕ್ಕೊಮ್ಮೆ ಎಲ್ಲರದ್ದನ್ನೂ ಬದಲಿಸುವ ಗಲಾಟೆಯೂ ಬೇಕಿಲ್ಲ. ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಕೂಡ 2017ರ ಸೂಚನೆಯಲ್ಲಿ, ಸುಮ್ನೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಜನರನ್ನು ಒತ್ತಾಯಿಸಬೇಡಿ, ಸೋರಿದ ಸುಳಿವು ಸಿಕ್ಕಾಗ ಬದಲಿಸಿ ಎಂದಿದೆ. ಒತ್ತಾಯಿಸಿದರೆ ಜನ ಏನು ಮಾಡುತ್ತಾರೆ? ನಮ್ಮ ಹಾಗೆ ಇಸವಿ ಬದಲಿಸುತ್ತಾರೆ.

ಹೊಸ ಸಾಲು ಸೇರಿಸುವಾಗ ಒಂದು ಎಚ್ಚರ. ಸಣ್ಣ ಸಿ ಆಯ್ಕೆ ಹೊಸ ಫೈಲ್ ಮಾಡಲು ಇರುವುದು. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಅದು ಏನೂ ಕೇಳದೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ನಾನು ಎಲ್ಲರಿಗೂ ಬೇರೆ ಬೇರೆ ಸಾಲು ಮಾಡಿಕೊಟ್ಟ ಮೇಲೆ ನನಗೆ ಸಹಾಯ ಮಾಡುವ ಹುಡುಗ ಒಬ್ಬರ ಹೆಸರು ಸೇರಿಸಲು ಹೋಗಿ ಇದನ್ನೇ ಮಾಡಿದ. ಹನ್ನೊಂದು ಸಾಲು ಹೋಗಿ ಹೊಸದೊಂದೇ ಉಳಿಯಿತು. ನನ್ನ ಹತ್ತಿರ ಪ್ರತಿ ಇತ್ತು, ಹತ್ತು ನಿಮಿಷದಲ್ಲಿ ಸರಿಯಾಯಿತು, ಅವನನ್ನು ಬೈಯಲಿಲ್ಲ. ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲೇ ಬರೆಯುವ ಸಣ್ಣ ಬಿ ಆಯ್ಕೆಯನ್ನೂ ಬಿಡಿ, ಹಾಕಿದ ಕಮಾಂಡುಗಳನ್ನು ನೆನಪಿಡುವ ಶೆಲ್ಲಿನ ಹಿಸ್ಟರಿಯಲ್ಲಿ ಅದು ಹಾಗೇ ಉಳಿಯುತ್ತದೆ.

ಫೈಲ್ ಎಲ್ಲಿದೆ ಎಂಬುದನ್ನೂ ನೋಡಿ. ಸೈಟಿನ ಪುಟಗಳಿರುವ ಫೋಲ್ಡರಿನಲ್ಲಿ ಇರಬಾರದು, ಅದರ ಹೊರಗಿರಬೇಕು. ಚುಕ್ಕಿ ಎಚ್‌ಟಿ ಎಂದು ಶುರುವಾಗುವ ಫೈಲನ್ನು ಅಪಾಚೆಯ ಮೂಲ ಕಾನ್ಫಿಗರೇಶನ್ ಯಾರಿಗೂ ಕೊಡುವುದಿಲ್ಲ, ನಿಜ. ಆದರೆ ಯಾರೋ ಪುಣ್ಯಾತ್ಮರು ಅದರ ಪ್ರತಿ ತೆಗೆದು ಬೇರೆ ಹೆಸರಿನ ಟೆಕ್ಸ್ಟ್ ಫೈಲಾಗಿ ಅಲ್ಲೇ ಇಟ್ಟರೆ ಆ ರಕ್ಷಣೆ ಇಲ್ಲ. ಎಂಜಿನ್‌ಎಕ್ಸ್ ಎಂಬ ಬೇರೆ ಸರ್ವರ್ ಇದ್ದರೆ ಹಾಗೆ ತಡೆಯುವ ಸಾಲನ್ನು ನಾವೇ ಬರೆಯಬೇಕು.

ಇಷ್ಟಕ್ಕೂ ಸ್ಕಾಲರ್‌ಶಿಪ್ ಅರ್ಜಿಯಂಥದ್ದನ್ನು ವರ್ಷಗಟ್ಟಲೆ ಸೈಟಿನಲ್ಲಿ ಇಡಬೇಕೇ ಎಂದು ನಾನು ಕಮಿಟಿಯಲ್ಲಿ ಕೇಳಿದೆ. ಚೆಕ್ ಕೊಟ್ಟ ಮೇಲೆ ಆಧಾರ್ ಪ್ರತಿ ನಮಗೆ ಯಾಕೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಮಾಹಿತಿ ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶ ಇದೆ. ದಂಡದ ಹೆದರಿಕೆಗಾಗಿ ನಾನು ಇದನ್ನು ಹೇಳುತ್ತಿಲ್ಲ. ಹಳೆಯ ವರ್ಷಗಳ ಕಾಗದ ತೆಗೆದುಹಾಕಲು ಕಮಿಟಿ ಒಪ್ಪಿತು, ಎರಡು ಭಾನುವಾರ ಕೂತು ತೆಗೆದೆವು.

ಮಾಟುಂಗಾದಿಂದ ಮೀರಾರೋಡ್‌ವರೆಗೆ, ಆ ಕಡೆ ಪುಣೆಯಲ್ಲಿ ಕೂಡ ನಮ್ಮವರ ಸಂಘಗಳು ಎಷ್ಟೋ ಇವೆ. ಹಲವರ ಸೈಟನ್ನು ಯಾರೋ ಒಬ್ಬ ಹುಡುಗ ಯಾವಾಗಲೋ ಮಾಡಿಕೊಟ್ಟು ಹೋಗಿರುತ್ತಾನೆ. ಅಧ್ಯಕ್ಷರು, ಕಾರ್ಯದರ್ಶಿಗಳು ದಯವಿಟ್ಟು ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಪಾಸ್‌ವರ್ಡ್ ಫೈಲಿನಲ್ಲಿ ಯಾರ ಯಾರ ಹೆಸರಿದೆ? ಉತ್ತರ ಹೇಳುವವರು ಯಾರೂ ಇಲ್ಲದಿದ್ದರೆ ಅವತ್ತೇ ಒಬ್ಬರನ್ನು ನೇಮಿಸಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ಥಿತಿ ನಮಗೆ ಬಂದಿತ್ತು, ನಿಮಗೆ ಬರುವುದು ಬೇಡ.

ಖಜಾಂಚಿಯವರಿಗೆ ಹೋದ ವಾರ ನಾನೇ ಫೋನ್ ಮಾಡಿ ನಿಮ್ಮ ಪಾಸ್‌ವರ್ಡ್ ಇನ್ನು ನಡೆಯುವುದಿಲ್ಲ ಎಂದು ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೆದರಿದ್ದೆ. "ಸರಿಯಾಯ್ತು ಬಿಡು" ಎಂದರು. ಆಮೇಲೆ, "ಆ ಇಬ್ಬರು ಮಕ್ಕಳಿಗೆ ಸಿಕ್ಕರೆ ಮಾತ್ರ ನನಗೊಂದು ಫೋನ್ ಮಾಡು ಮಗಳೇ" ಎಂದರು. ಕಮಿಟಿ ಪ್ರಕಟಿಸಿದ ದಿನ ಮಾಡುತ್ತೇನೆ ಎಂದಿದ್ದೇನೆ.

ಇಂತಿ,
ನಿಮ್ಮ ಓದುಗಿತ್ತಿ, ಡೊಂಬಿವಲಿ